ನೈಲ್ ನದಿ ಎಲ್ಲೈತ್ರಿ ಸರ್? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ಬಾಗಲಕೋಟೆಯ ನವನಗರದಿಂದ ನಿವೃತ್ತ ಸಮಾಜ ವಿಜ್ಞಾನ ಮಾಸ್ತರನೊಬ್ಬನ ನಮಸ್ಕಾರ. ನೌಕರಿಯಲ್ಲಿದ್ದಾಗ ನಿಮಗೆ ನೇರವಾಗಿ ಬರೆಯುವಂತಿರಲಿಲ್ಲ. ಬರೆದರೂ 'ಇವರ ಮೂಲಕ, ಅವರ ಮೂಲಕ' ಎನ್ನುತ್ತ ಪತ್ರ ಯಾವುದೋ ಟೇಬಲ್ಲಿನ ಮೇಲೆ ಮಲಗುತ್ತಿತ್ತು. ಈಗ ಪಿಂಚಣಿದಾರ, ಆ ಹಂಗಿಲ್ಲ.

ಎಂಟನೆತ್ತೆಯ, ಅಂದರೆ ಎಂಟನೇ ತರಗತಿಯ, ಪುಸ್ತಕದಲ್ಲಿ ಈಜಿಪ್ಟ್, ಮೆಸೊಪೊಟೇಮಿಯ, ಚೀನಾ, ಗ್ರೀಸ್, ರೋಮ್ ನಾಗರಿಕತೆಗಳ ಪಾಠಗಳಿವೆ. ವರ್ಷಗಟ್ಟಲೆ ಕಲಿಸಿದ್ದೇನೆ. "ನೈಲ್ ನದಿಯ ವರದಾನ ಯಾವುದು?" ಅಂದರೆ ಇಡೀ ತರಗತಿ ಒಂದೇ ದನಿಯಲ್ಲಿ "ಈಜಿಪ್ಟ್ ರೀ ಸರ್" ಅನ್ನುತ್ತಿತ್ತು. ಎದ್ದು ಬಂದು ನಕ್ಷೆಯಲ್ಲಿ ತೋರಿಸು ಅಂದರೆ ಬೆರಳು ಬ್ರೆಜಿಲ್‌ವರೆಗೂ ಅಲೆಯುತ್ತಿತ್ತು. ಮಕ್ಕಳನ್ನು ಬೈದು ಏನು ಮಾಡಲಿ? ನಮ್ಮ ಶಾಲೆಯ ಪ್ರಪಂಚದ ನಕ್ಷೆಯಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಒಡೆದಿರಲಿಲ್ಲ, ಆಫ್ರಿಕಾದ ಅರ್ಧವನ್ನು ಗೆದ್ದಲು ತಿಂದಿತ್ತು.

ಒಂದು ದಿನ ಪುಸ್ತಕ ಮುಚ್ಚಿಟ್ಟು ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿದ ಮುಳುಗಡೆಯ ಕಥೆ ಹೇಳಿದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ. ಅದೇ ವರ್ಷ ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟಿಗಾಗಿ ನೈಲ್ ನದಿಯ ಹರಿವನ್ನೇ ತಿರುಗಿಸಿದರು. ಹಿನ್ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್‌ನ ದೇವಾಲಯಗಳನ್ನು ಬಂಡೆ ಬಂಡೆಯಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ನಾವು ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪವನ್ನು ಎತ್ತಲಿಲ್ಲ. ಸುತ್ತ ಬಾವಿಯಂತೆ ಗೋಡೆ ಕಟ್ಟಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರನ್ನು ಹೊರಗೇ ನಿಲ್ಲಿಸಿದೆವು. ಎರಡರಲ್ಲಿ ಯಾವುದು ಜಾಣತನ ಅಂತ ಹುಡುಗರು ಗಂಟೆ ಹೊಡೆದರೂ ಜಗಳಾಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬೇರೆಯದನ್ನೇ ಕೇಳಿದಳು: "ಸರ್, ಅಲ್ಲಿ ಮನಿ ಮುಳುಗಿದವ್ರಿಗೆ ನವನಗರ ಎಲ್ಲಿ ಕಟ್ಟಿ ಕೊಟ್ರು ರೀ?"

ಅವಳ ಮನೆಯವರು ಮುಳುಗಡೆಯಾದ ಹಳೇ ಬಾಗಲಕೋಟೆಯಿಂದ ಎದ್ದು, ಸಂತ್ರಸ್ತರಿಗೆಂದು ಕಟ್ಟಿದ ನವನಗರಕ್ಕೆ ಬಂದವರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕಿ ಓದಿ, ಮರುದಿನ ಹೇಳಿದೆ: ಮನೆ ಮುಳುಗಿದವರು ನೈಲ್ ದಡದ ನ್ಯೂಬಿಯನ್ ಜನ; ಈಜಿಪ್ಟಿನ ನ್ಯೂಬಿಯನ್ನರನ್ನು ಕೋಮ್ ಒಂಬೊ ಊರಿನ ಸುತ್ತಮುತ್ತ ನೆಲೆಗೊಳಿಸಿದರು, ಸುಡಾನಿನವರನ್ನು ಹೊಳೆಯಿಂದ ಬಲು ದೂರ ಕಳಿಸಿದರು. ಅವತ್ತು ಅವಳು ತಾನೇ ಎದ್ದು ಬಂದು ನಕ್ಷೆಯಲ್ಲಿ ಅಸ್ವಾನ್ ಎಲ್ಲಿದ್ದೀತೆಂದು ಹುಡುಕಿದಳು. ಪುಣ್ಯಕ್ಕೆ ಆ ಜಾಗ ಗೆದ್ದಲಿಗೆ ಸಿಕ್ಕಿರಲಿಲ್ಲ.

ಇಂಥ ಪಾಠಕ್ಕೆ ನಮ್ಮಲ್ಲಿ ಎಡೆ ಇಲ್ಲ ಸಾಹೇಬರೆ. ಭೂಗೋಳದ ವಿಷಯವನ್ನೇ ನೋಡಿ. ಏಳನೆತ್ತೆಯಲ್ಲಿ ಖಂಡಗಳು, ಎಂಟರಲ್ಲಿ ಭೂಮಿಯ ರಚನೆ, ಒಂಬತ್ತರಲ್ಲಿ ಕರ್ನಾಟಕ, ಹತ್ತರಲ್ಲಿ ಭಾರತ. ಮಗು ಬೆಳೆದಂತೆ ಭೂಪಟ ಕುಗ್ಗುತ್ತದೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಬರುವುದು ಭಾರತದ ನಕ್ಷೆ. ಹಿಂದುಳಿದ ಮಕ್ಕಳನ್ನು ಪಾಸು ಮಾಡಿಸಲು ಕೊಡುವ ಪಾಸಿಂಗ್ ಪ್ಯಾಕೇಜಿನಲ್ಲೂ ಅದಕ್ಕೇ ಮೊದಲ ಮಣೆ. ಪರೀಕ್ಷೆಗೆ ಬಾರದ್ದನ್ನು ನಾವು ಮಾಸ್ತರರು ಕಲಿಸುವುದಿಲ್ಲ. ಜನವರಿ ಬಂತೆಂದರೆ ನಾನೂ ಬಿಟ್ಟವನೇ, ಸುಳ್ಳೇಕೆ ಹೇಳಲಿ?

ಆದ್ದರಿಂದ ನನ್ನ ಬೇಡಿಕೆ ಒಂದೇ. ಹತ್ತನೆತ್ತೆಯ ಪರೀಕ್ಷೆಯಲ್ಲಿ ಪ್ರಪಂಚದ ನಕ್ಷೆಗೂ ಎರಡು ಅಂಕ ಇಡಿ. ಅಚ್ಚಾದ ನಕ್ಷೆಯನ್ನೇ ಕೊಡಿ, ಬಿಡಿಸುವುದು ಬೇಡ. ನೈಲ್, ಯೂಫ್ರೆಟಿಸ್, ಹ್ವಾಂಗ್‌ಹೋ, ಆಂಡಿಸ್ ಇಂಥವನ್ನು ಗುರುತಿಸಲಿ ಸಾಕು. ಅಂಕ ಇಟ್ಟರೆ ಕನ್ನಡದಲ್ಲಿ ಅಚ್ಚಾದ ಹೊಸ ಗೋಡೆನಕ್ಷೆ ಶಾಲೆಗೆ ತಾನಾಗಿಯೇ ಬರುತ್ತದೆ, ಹೆಡ್‌ಮಾಸ್ತರರೇ ತರಿಸುತ್ತಾರೆ.

ಹಳ್ಳಿ ಮಕ್ಕಳಿಗೆ ಇದು ಹೊರೆ ಎನ್ನುವವರು ನಿಮ್ಮ ಇಲಾಖೆಯಲ್ಲಿ ಇದ್ದೇ ಇರುತ್ತಾರೆ. ಅವರನ್ನು ಒಮ್ಮೆ ನಮ್ಮ ಬಿಸಿಲಿಗೆ ಊಟಕ್ಕೆ ಕರೆಯುತ್ತೇನೆ. ರೊಟ್ಟಿಯ ಜೋಳದ ತವರು ಈಶಾನ್ಯ ಆಫ್ರಿಕಾ. ಶೇಂಗಾ ಚಟ್ನಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಅದರೊಳಗಿನ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದದ್ದೇ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಅಂದರೆ ರೂಮ್ ಸೀಮೆಯವನು. ಒಂದು ಕಾಲಕ್ಕೆ ರೋಮನ್ನರು ಆಳಿದ ಈಗಿನ ಟರ್ಕಿ ಅದು. ನಮ್ಮ ಸೀಮೆಯ ಡೋಣಿ ಹೊಳೆಯ ಬಗ್ಗೆ 'ಡೋಣಿ ಬೆಳೆದರೆ ಓಣಿ ತುಂಬ ಜೋಳ' ಅನ್ನುವ ಮಾತು ಕೇಳಿ ಬೆಳೆದ ಹುಡುಗನಿಗೆ, ನೈಲ್ ಉಕ್ಕಿ ಬಂದು ಕೆಸರು ಬಿಟ್ಟು ಹೋದರೆ ರೈತ ಯಾಕೆ ಹಿಗ್ಗುತ್ತಿದ್ದ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಮಳೆಗಾಲದಲ್ಲಿ ಕೃಷ್ಣೆಗೆ ಬಾಗಿನ ಅರ್ಪಿಸಲು ಮುಖ್ಯಮಂತ್ರಿಗಳ ಜೊತೆ ಆಲಮಟ್ಟಿಗೆ ಬಂದರೆ, ಮುಗಿದ ಮೇಲೆ ಅರ್ಧ ತಾಸು ಬಿಡುವು ಮಾಡಿಕೊಳ್ಳಿ. ಹತ್ತಿರದ ಯಾವುದಾದರೂ ಸರಕಾರಿ ಹೈಸ್ಕೂಲಿಗೆ ಹೇಳದೆ ಕೇಳದೆ ಹೋಗಿ, ಎಂಟನೆತ್ತೆಯ ಒಂದು ಮಗುವನ್ನು ಕರೆದು ನೈಲ್ ತೋರಿಸು ಅನ್ನಿ. ಗೋಡೆಯ ಮೇಲೆ ನಕ್ಷೆ ಇದ್ದರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ