ಲೂಸ್ ಬೇರಿಂಗ್ ಇನ್ನು ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಈ ಸೋಮವಾರದಿಂದ ನಮ್ಮ ಜೆ.ಸಿ. ರಸ್ತೆಯ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಲೂಸ್ ಮಾಲು, ಅಂದರೆ ಬ್ರಾಂಡ್ ಇಲ್ಲದ ಬೇರಿಂಗ್ (ತಿರುಗುವ ಭಾಗ ಸಲೀಸಾಗಿ ತಿರುಗಲು ಹಾಕುವ ಗುಂಡುಗಳ ಬಳೆ), ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ), ರೋಟವೇಟರ್ (ಟ್ರಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ಯಂತ್ರ) ಬ್ಲೇಡ್ ಸಿಗುವುದಿಲ್ಲ. ಉಳಿದಿದ್ದ ಸ್ಟಾಕನ್ನು ಗುಜರಿಗೆ ಹಾಕಿದ್ದೇವೆ. ಕೆಲವರ ಬಿಲ್ ಜಾಸ್ತಿ ಆಗುತ್ತದೆ. ಬಿತ್ತನೆ ಹೊತ್ತಿನಲ್ಲಿ ಕೈಯಲ್ಲಿ ಕಾಸು ನಿಲ್ಲುವುದಿಲ್ಲ ಅನ್ನುವುದು ನಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇವೆ.

ಕಳೆದ ಮುಂಗಾರಿನಲ್ಲಿ ದೊಡ್ಡಬಳ್ಳಾಪುರ ಕಡೆಯ ರೈತರೊಬ್ಬರು ಬಂದು, ಪೇಪರ್ ಪೊಟ್ಟಣ ಬಿಚ್ಚಿ ಕೌಂಟರ್ ಮೇಲೆ ಸುರಿದರು. ಬೇರಿಂಗಿನ ಗುಂಡುಗಳು. ಗುಂಡುಗಳನ್ನು ಹಿಡಿದಿಡುವ ಕೇಜ್ ಮೂರು ತುಂಡಾಗಿತ್ತು. ಒಳಗಿನ ರಿಂಗ್ ಕಾದು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ನಾವೇ ಕೊಟ್ಟ ಮಾಲು, ಹಾಕಿ ಹದಿನೈದು ದಿನವೂ ಆಗಿರಲಿಲ್ಲ. ರಾಗಿಗೆ ಹದ ಬಂದ ದಿನವೇ ರೋಟವೇಟರ್ ಹೊಲದಲ್ಲಿ ನಿಂತಿದೆ. ಅವರು ಜಗಳ ಆಡಲಿಲ್ಲ, "ನಿಮ್ಮಲ್ಲೂ ಹಿಂಗಾ?" ಅಂದರು ಅಷ್ಟೇ. ಬೇರಿಂಗ್ ಬದಲಿಸಿಕೊಟ್ಟೆವು. ಹೋದ ಹದವನ್ನು ಎಲ್ಲಿಂದ ತಂದುಕೊಡುವುದು? ತಪ್ಪು ನಮ್ಮದು. ಕ್ಷಮಿಸಿ.

ಇನ್ನು ದಿನಾ ಕೇಳುವ ಮಾತು: "ಅದೇ ನಂಬರ್, ಪಕ್ಕದ ಅಂಗಡಿಯಲ್ಲಿ ಅರ್ಧ ರೇಟು. ನೀವ್ಯಾಕೆ ಸುಲೀತೀರಾ?" ಈ ಮಾತು ಕೇಳಿ ಕೇಳಿ ನಮಗೆ ಬಹಳ ನೋವಾಗಿದೆ. ನಂಬರ್ ಅದೇ, ಒಪ್ಪುತ್ತೇವೆ. ಆದರೆ ಬೇರಿಂಗ್ ಮೇಲೆ 6205 ಅಂತಿದ್ದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಅದು ಬರೀ ಅಳತೆ. ಉಕ್ಕು ಎಂಥದು, ಗುಂಡು ಎಷ್ಟು ನಯ, ಒಳಗೆ ಯಾವ ಗ್ರೀಸ್ ಇದೆ ಅಂತ ಆ ನಂಬರ್ ಹೇಳುವುದಿಲ್ಲ. ನಂಬರಿನ ಪಕ್ಕದಲ್ಲಿ ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಕೆಸರಲ್ಲಿ ಓಡುವ ಜಾಗಕ್ಕೆ ತಗಡಿನದು ಹಾಕಿದರೆ ಮಣ್ಣು ಒಳಗೆ ಹೋಗದೆ ಇರುತ್ತದಾ? ಬ್ಲೇಡಿನ ಕಥೆಯೂ ಇದೇ. ಒಳ್ಳೆಯದು ಬೋರಾನ್ ಸ್ಟೀಲಿನದು (ಬೋರಾನ್ ಸೇರಿಸಿದ ಉಕ್ಕು), ಕಾಯಿಸಿ ಗಟ್ಟಿಯಾಗುವಂತೆ ಸರಿಯಾಗಿ ಹದ ಕೊಟ್ಟಿರುತ್ತಾರೆ, ಅಂಚಿಗೆ ಅರ (ಫೈಲ್) ಉಜ್ಜಿದರೆ ಜಾರುತ್ತದೆ. ಅರ ಕಚ್ಚಿತು ಅಂದರೆ ಅದು ಮೆತ್ತಗಿದೆ, ಹೊಸಕೋಟೆ ಕಡೆಯ ಕಲ್ಲು ನೆಲದಲ್ಲಿ ಬೇಗ ಸವೆದುಹೋಗುತ್ತದೆ. ಬೇಕಿದ್ದರೆ ಕೌಂಟರಿನಲ್ಲೇ ಅರ ಇಟ್ಟಿದ್ದೇವೆ, ನೀವೇ ಉಜ್ಜಿ ನೋಡಿ.

ನಮಗೆ ಲಾಭ ಜಾಸ್ತಿ ಅನ್ನುವವರಿಗೂ ಒಂದು ಮಾತು. ಲೂಸ್ ಮಾಲಿನಲ್ಲೇ ನಮಗೆ ಉಳಿಯುತ್ತಿದ್ದದ್ದು ಜಾಸ್ತಿ, ಅದನ್ನು ತಂದುಕೊಡುವವರು ಎರಡು ತಿಂಗಳು ಸಾಲವನ್ನೂ ಕೊಡುತ್ತಿದ್ದರು. ಕಂಪನಿಯ ಡಿಸ್ಟ್ರಿಬ್ಯೂಟರ್ ಹತ್ತಿರ ಮೊದಲೇ ದುಡ್ಡು ಕಟ್ಟಬೇಕು, ಆಮೇಲೆ ಮಾಲು. ಖಾಲಿ ಆಗದಿದ್ದರೆ ವಾಪಸ್ ತಗೊಳ್ಳುವುದಿಲ್ಲ. ಆದರೂ ಅಲ್ಲೇ ತರುತ್ತೇವೆ, ಯಾಕೆಂದರೆ ಹೆಸರಾಂತ ಬ್ರಾಂಡಿನ ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ. ಬಿಲ್ ಇಲ್ಲದ ಡಬ್ಬಿಯನ್ನು ನಾವು ಅಂಗಡಿ ಮೆಟ್ಟಿಲು ಹತ್ತಿಸುವುದಿಲ್ಲ.

ಜಿಎಸ್‌ಟಿ ಇಳಿಯಿತಲ್ವಾ ಅಂತಲೂ ಕೇಳುತ್ತೀರಿ. ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಟೈರ್, ಟ್ರಾಕ್ಟರಿನ ಕ್ಲಚ್ ಅಸೆಂಬ್ಲಿ, ರೇಡಿಯೇಟರ್ ಇಂಥವಕ್ಕೆ ಶೇ 18 ಇದ್ದದ್ದು ಶೇ 5 ಆಯಿತು. ನಾವೂ ಅವತ್ತೇ ಇಳಿಸಿದೆವು. ಬೇರಿಂಗ್ ಮಾತ್ರ ಶೇ 18ರಲ್ಲೇ ಉಳಿದಿದೆ, ಅದು ನಮ್ಮ ಕೈಯಲ್ಲಿಲ್ಲ.

ಎಲ್ಲದಕ್ಕೂ ದುಬಾರಿಯದೇ ತಗೊಳ್ಳಿ ಅಂತ ನಾವು ಯಾವತ್ತೂ ಹೇಳುವುದಿಲ್ಲ. ಸೀಟ್ ಕವರ್, ಮಡ್‌ಗಾರ್ಡ್, ಸ್ಪ್ಲಿಟ್ ಪಿನ್, ಟೂಲ್ ಬಾಕ್ಸ್, ಇವೆಲ್ಲ ಕಡಿಮೆ ರೇಟಿನದೇ ಸಾಕು, ಮುಂಚಿನ ಹಾಗೆ ಇಟ್ಟಿರುತ್ತೇವೆ. ತಿರುಗುವ ಜಾಗ, ಎಣ್ಣೆ ತಡೆಯುವ ಜಾಗ, ಮಣ್ಣು ಕಡಿಯುವ ಜಾಗ, ಈ ಮೂರಕ್ಕೆ ಮಾತ್ರ ಹಟ ಮಾಡುತ್ತೇವೆ. ಅಲ್ಲೂ ಒಮ್ಮೆಲೇ ದುಡ್ಡು ಹೊಂದಿಸಲು ಆಗದಿದ್ದರೆ ಹೇಳಿ, ಹಳೆಯ ಗಿರಾಕಿಗಳಿಗೆ ಫಸಲು ಬರುವ ತನಕ ಕಾಯುತ್ತೇವೆ.

ಬರುವಾಗ ಹಾಳಾದ ಪಾರ್ಟನ್ನು ತನ್ನಿ. ತೊಳೆಯಬೇಡಿ. ಗ್ರೀಸು, ಮಣ್ಣು ಇದ್ದ ಹಾಗೇ ಇರಲಿ, ಯಾಕೆ ಹೋಯಿತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಇಂತಿ,
ನಿಮ್ಮ ಅಂಗಡಿಯವರು, ಜೆ.ಸಿ. ರಸ್ತೆ, ಬೆಂಗಳೂರು