ಬೀದರ್‌ನಲ್ಲಿ ಒಂದು ದಿನ, ಒಂದೇ ಕಟ್ಟಡ: ಒಂಬತ್ತನೆಯ ತರಗತಿಯ ಪೋಷಕರಿಗೆ ಪತ್ರ

ಕಲಬುರಗಿ

ಮಾನ್ಯ ತಂದೆ-ತಾಯಂದಿರಿಗೆ ಶರಣು ಶರಣಾರ್ಥಿಗಳು.

ಬರುವ ಡಿಸೆಂಬರ್ ತಿಂಗಳ ಮೂರನೆಯ ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಬೀದರ್‌ಗೆ ಕರೆದುಕೊಂಡು ಹೋಗಲು ನಿಶ್ಚಯಿಸಿದ್ದೇವೆ. ಈ ಸಲ ಮಕ್ಕಳು ನೋಡುವುದು ಹಳೆಯ ಊರಿನೊಳಗಿರುವ ಮಹಮೂದ್ ಗವಾನ್ ಮದರಸಾ ಒಂದನ್ನೇ. ಕೋಟೆ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ ಎಲ್ಲವನ್ನೂ ಬಿಟ್ಟು ಒಂದು ಕಟ್ಟಡಕ್ಕಾಗಿ ಅಷ್ಟು ದೂರ ಹೋಗುವುದೇಕೆ ಎಂದು ತಮ್ಮಲ್ಲಿ ಕೆಲವರು ಈಗಾಗಲೇ ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ ಆಗಿರುವುದರಿಂದ ವಿವರವಾಗಿ ಉತ್ತರಿಸುತ್ತಿದ್ದೇನೆ.

ಹಿಂದಿನ ಪ್ರವಾಸಗಳಲ್ಲಿ ಒಂದೇ ದಿನ ಐದಾರು ಸ್ಥಳಗಳನ್ನು ತೋರಿಸಿದ್ದೇವೆ. ಅನಂತರ ಮಕ್ಕಳು ಬರೆದು ತಂದ ವರದಿಗಳನ್ನು ನಾನೇ ಕುಳಿತು ಓದಿದ್ದೇನೆ. ಫಲಕದ ಮೇಲಿನ ಇಸವಿಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಆದರೆ ಬಾಗಿಲು ಯಾವ ದಿಕ್ಕಿಗಿತ್ತು, ಒಳಗೆ ಬೆಳಕು ಎಲ್ಲಿಂದ ಬೀಳುತ್ತಿತ್ತು ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಓಡಿಸಿಕೊಂಡು ತೋರಿಸಿದ್ದು ನಾವು, ಆದ್ದರಿಂದ ತಪ್ಪೂ ನಮ್ಮದೇ.

ಬಹಮನಿ ರಾಜ್ಯ 1347ರಲ್ಲಿ ನಮ್ಮ ಕಲಬುರಗಿಯಲ್ಲೇ ರಾಜಧಾನಿ ಮಾಡಿಕೊಂಡು ಆರಂಭವಾದದ್ದನ್ನು ಮಕ್ಕಳು ಓದಿದ್ದಾರೆ. ಕೋಟೆಯೊಳಗಿನ ಜಾಮಾ ಮಸೀದಿಯನ್ನೂ ಕಂಡಿದ್ದಾರೆ. 15ನೆಯ ಶತಮಾನದಲ್ಲಿ ಅಹಮದ್ ಶಾಹನ ಕಾಲಕ್ಕೆ ಆ ರಾಜಧಾನಿ ಬೀದರ್‌ಗೆ ಹೋಯಿತು. ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಈ ರಾಜ್ಯದ ಪ್ರಧಾನಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದಲ್ಲಿ, ನಡುವಿನ ಅಂಗಳದ ಸುತ್ತ ಮೂರು ಅಂತಸ್ತುಗಳಲ್ಲಿ ಪಾಠದ ಹಜಾರಗಳು, ಗ್ರಂಥಾಲಯ, ಮಸೀದಿ, ಗುರುಗಳೂ ವಿದ್ಯಾರ್ಥಿಗಳೂ ಉಳಿದುಕೊಳ್ಳುವ ಕೋಣೆಗಳು ಇದ್ದವು. ಅರಮನೆ, ಗೋರಿಗಳನ್ನು ನಮ್ಮ ಮಕ್ಕಳು ಸಾಕಷ್ಟು ನೋಡಿದ್ದಾರೆ. ತಮ್ಮ ಹಾಗೆ ಓದಲು ಬಂದವರು ಐದು ನೂರು ವರ್ಷಗಳ ಹಿಂದೆ ಮಲಗಿ, ಎದ್ದು, ಪುಸ್ತಕ ಹಿಡಿದ ಕೋಣೆಯಲ್ಲಿ ಅವರು ಒಮ್ಮೆ ನಿಲ್ಲಬೇಕೆಂಬುದು ನನ್ನ ಆಸೆ.

ಕಟ್ಟಡ ಮುಗಿದು ಹತ್ತು ವರ್ಷ ತುಂಬುವ ಮೊದಲೇ, 1481ರಲ್ಲಿ, ವಿರೋಧಿಗಳು ಸೃಷ್ಟಿಸಿದ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನನು ವೃದ್ಧ ಗವಾನನಿಗೆ ಮರಣದಂಡನೆ ಕೊಟ್ಟನು. 1657ರಲ್ಲಿ ಬೀದರ್ ಮೊಗಲರ ಕೈ ಸೇರಿದ ಮೇಲೆ ಇಲ್ಲಿ ಸಿಡಿಮದ್ದು ಇಡತೊಡಗಿದರು. 1696ರ ಸ್ಫೋಟದಲ್ಲಿ ಮುಂಭಾಗದ ಎರಡು ಮಿನಾರುಗಳಲ್ಲಿ ಒಂದೂ ಕಟ್ಟಡದ ದೊಡ್ಡ ಭಾಗವೂ ಕುಸಿದವು. ಉಳಿದ ಮಿನಾರಿನ ಮೇಲೆ ಅಂಕುಡೊಂಕಾದ ಪಟ್ಟೆಗಳಲ್ಲಿ ಕೂಡಿಸಿದ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಇವೆ. ಮಕ್ಕಳು ಆ ವಿನ್ಯಾಸವನ್ನು ಚೌಕದ ಹಾಳೆಯ ಮೇಲೆ ಬಿಡಿಸಬೇಕು. ಹೆಂಚು ಉದುರಿದ ಕಡೆಯನ್ನು ಉಳಿದದ್ದರ ಲೆಕ್ಕದಿಂದ ತಾವೇ ತುಂಬಬೇಕು. ಹೋಗುವ ಮೊದಲು ಮನೆಯ ಕೌದಿಯನ್ನು ತಾಯಂದಿರು, ಅಜ್ಜಿಯಂದಿರು ಮಕ್ಕಳ ಮುಂದೆ ಬಿಚ್ಚಿಟ್ಟು, ತುಂಡು ತುಂಡು ಬಟ್ಟೆಯನ್ನು ಹೇಗೆ ಹೊಂದಿಸುತ್ತಾರೆಂದು ತೋರಿಸಿದರೆ ಈ ಕೆಲಸ ಅರ್ಧ ಕಲಿತಂತೆಯೇ.

ಇನ್ನೊಂದು ವಿಶೇಷ ವಿನಂತಿ. ನಮ್ಮ ಪೋಷಕರಲ್ಲಿ ಹಲವರು ಗೌಂಡಿ ಕೆಲಸ ಮಾಡುವವರಿದ್ದೀರಿ. ಕಮಾನು ಬೀಳದಂತೆ ಹೇಗೆ ನಿಲ್ಲುತ್ತದೆ, ಒಡೆದ ಗೋಡೆಯ ಒಳಗನ್ನು ಹೇಗೆ ಓದಬೇಕು ಎಂಬುದು ಪಾಠ ಮಾಡುವ ನಮಗಿಂತ ತಮಗೆ ಚೆನ್ನಾಗಿ ಗೊತ್ತು. ತಮ್ಮಲ್ಲಿ ಇಬ್ಬರಾದರೂ ನಮ್ಮೊಂದಿಗೆ ಬಂದು ಮಕ್ಕಳಿಗೆ ಹೇಳಿಕೊಡಬೇಕು. ಒಂದು ದಿನದ ಕೂಲಿ ತಪ್ಪುತ್ತದೆಂಬುದು ನನಗೆ ತಿಳಿದಿದೆ. ಶಾಲೆಯಿಂದ ಅದನ್ನು ತುಂಬಿಕೊಡುತ್ತೇವೆ.

ಇದು ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕ. ಗೋಡೆಯ ಮೇಲೆ ಹೆಸರು ಕೆತ್ತುವುದಾಗಲಿ, ಸಡಿಲವಾದ ಹೆಂಚನ್ನು ಮುಟ್ಟುವುದಾಗಲಿ, ಬಿದ್ದ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವುದಾಗಲಿ ಕೂಡದೆಂದು ಮನೆಯಲ್ಲಿಯೂ ಹೇಳಬೇಕು. ಒಳಗಿನ ಮಸೀದಿಯ ಭಾಗದಲ್ಲಿ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ನಡೆಯಬೇಕು. ಮೊಬೈಲ್ ಕಳಿಸಬೇಡಿ, ನೋಟ್‌ಬುಕ್, ಪೆನ್ಸಿಲ್, ಅಳತೆಗೆ ಒಂದು ಮಾರು ದಾರ ಸಾಕು.

ಬಸ್ಸು ಬೆಳಗಿನ ಆರು ಗಂಟೆಗೆ ಶಾಲೆಯಿಂದ ಹೊರಟು ಹುಮನಾಬಾದ್ ಮಾರ್ಗವಾಗಿ ಹೋಗುತ್ತದೆ, ರಾತ್ರಿ ಎಂಟರೊಳಗೆ ಮರಳುತ್ತದೆ. ರೊಟ್ಟಿ, ಶೇಂಗಾ ಹಿಂಡಿಯಂತಹ ಕೆಡದ ಬುತ್ತಿಯನ್ನೂ ನೀರನ್ನೂ ಕಟ್ಟಿಕೊಡಿ; ಊಟ ಕಟ್ಟಡದ ಹೊರಗೆ ಮಾಡಿಸುತ್ತೇವೆ. ಬಸ್ಸಿನ ಹಣ ಕೊಡುವುದು ಕಷ್ಟವಾದವರು ನನ್ನನ್ನು ಒಬ್ಬರೇ ಬಂದು ಕಾಣಿರಿ, ಆ ಕಾರಣಕ್ಕೆ ಯಾವ ಮಗುವೂ ಹಿಂದೆ ಉಳಿಯುವುದಿಲ್ಲ. ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಬುಧವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು