ದಾನಿ ಮಗುವಿನ ಒಪ್ಪಿಗೆ ಯಾವಾಗ?

ಮಾನ್ಯ ಸಂಪಾದಕರೇ,

ಅಕ್ಕನನ್ನು ಉಳಿಸಲು ತಂಗಿಯ ದೇಹವನ್ನೇ ನೆಚ್ಚಿ, ಕೊನೆಗೆ ನ್ಯಾಯಾಲಯದ ಮೆಟ್ಟಿಲೇರುವ ಕುಟುಂಬದ ಕಾದಂಬರಿ ಕಣ್ಣೀರು ತರಿಸುತ್ತದೆ, ನಿಜ. ಆದರೆ ಅದು ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತಕಣ ತಯಾರಿಸುವ ಮೃದು ಭಾಗ), ಮೂತ್ರಪಿಂಡ ಎರಡರ ದಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯಲ್ಲ. ಮಜ್ಜೆಯನ್ನು ಅರಿವಳಿಕೆ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಸೂಜಿಯಲ್ಲಿ ಹೀರುತ್ತಾರೆ. ಕೆಲವು ದಿನ ನೋವಿರುತ್ತದೆ, ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮೂತ್ರಪಿಂಡ ಹೋದರೆ ಹೋಯಿತು. (ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ಶೇ 25 ಮಾತ್ರ, ಕಾದಂಬರಿಗಳಲ್ಲಿ ಏಕೋ ಸದಾ ಹೊಂದುತ್ತದೆ!)

ಕಥೆ ಕೈಬಿಟ್ಟ ದೊಡ್ಡ ಸಂಗತಿ ಬೇರೆಯೇ ಇದೆ. ಮಜ್ಜೆಯ ಕಸಿಗೆ ಮುನ್ನ ಸಾಮಾನ್ಯವಾಗಿ ತೀವ್ರ ಕೀಮೋ (ಕ್ಯಾನ್ಸರ್‌ಗೆ ಕೊಡುವ ಪ್ರಬಲ ಔಷಧ) ಕೊಟ್ಟು ರೋಗಿಯ ಮಜ್ಜೆಯನ್ನೇ ಬರಿದು ಮಾಡುತ್ತಾರೆ. ಅದು ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ರೋಗಿಯ ಪ್ರಾಣಕ್ಕೇ ಕುತ್ತು. ಹಾಗಾಗಿ ಅಕ್ಕನಿಗೆ ಚಿಕಿತ್ಸೆ ನೀಡದ ಬೇರೊಬ್ಬ ವೈದ್ಯರು, ಅಪ್ಪ ಅಮ್ಮ ಎದುರಿಗಿಲ್ಲದಾಗ ತಂಗಿಯನ್ನು ಮಾತಾಡಿಸಬೇಕಾದ್ದು ಕೀಮೋಗೆ ಮೊದಲು, ನ್ಯಾಯಾಲಯದ ದೃಶ್ಯದಲ್ಲಲ್ಲ.

– ಒಬ್ಬ ಓದುಗ